ಹೊಸ ಹಗ್ಗಕ್ಕೆ ಭಾರ

ಚನ್ನಗಿರಿಯ ನಮ್ಮ ಮನೆಯೊಳಗೆ ಹೋಗಲು ಒಂದು ವಿದ್ಯೆ ಕಲಿತಿರಬೇಕಾಗಿತ್ತು. ಮೊದಲು ಮೆಟ್ಟಿಲ ಮೇಲೆ ನಿಲ್ಲಬೇಕು. ಉಯ್ಯಾಲೆ ನಮ್ಮ ಕಡೆ ಬಂದು, ಮತ್ತೆ ಬಾಗಿಲ ಕಡೆ ತಿರುಗುವುದನ್ನು ಕಾಯಬೇಕು. ತಿರುಗಿದ ಕೂಡಲೇ ಗೋಡೆಗೆ ಮೈ ಒತ್ತಿಕೊಂಡು ಪಕ್ಕದಿಂದ ನುಗ್ಗಬೇಕು. ಪೋಸ್ಟ್‌ಮ್ಯಾನ್ ಇದನ್ನು ಒಂದೇ ವಾರದಲ್ಲಿ ಕಲಿತ. ನನ್ನ ಸೋದರತ್ತೆ ಹತ್ತು ವರ್ಷವಾದರೂ ಕಲಿಯಲಿಲ್ಲ. ಬಂದಾಗಲೆಲ್ಲ ಮೊಣಕಾಲಿಗೆ ಹೊಡೆಸಿಕೊಂಡು, "ಯಾವ ಪುಣ್ಯಾತ್ಮ ಬಾಗಿಲಿಗೆ ಅಡ್ಡ ಉಯ್ಯಾಲೆ ಕಟ್ತಾನೆ" ಎಂದು ಬೈಯುತ್ತಲೇ ಒಳಗೆ ಬರುತ್ತಿದ್ದಳು.

ಆ ಪುಣ್ಯಾತ್ಮ ನಮ್ಮಪ್ಪ. ಸರ್ಕಾರಿ ಗುಮಾಸ್ತ. ಜಗಳೂರು, ಹೊನ್ನಾಳಿ, ನ್ಯಾಮತಿ ಎಂದು ವರ್ಗವಾಗುತ್ತಾ ಬಂದು, ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಚನ್ನಗಿರಿಯ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ. ನನಗಾಗ ಹನ್ನೊಂದು ವರ್ಷ, ತಂಗಿಗೆ ಎಂಟು. ಅಪ್ಪನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಏನನ್ನೇ ಮಾಡಲಿ, ಮೊದಲು ಅಳೆಯುವುದು, ಆಮೇಲೆ ಬರೆದುಕೊಳ್ಳುವುದು, ಆಮೇಲೆ ಇನ್ನೊಮ್ಮೆ ಅಳೆಯುವುದು. ಜಗಲಿಗೆ ಮೋಲ್ಡ್ ಹಾಕುವ ದಿನ ಎರಡು ಕಬ್ಬಿಣದ ಕೊಂಡಿ ಹಿಡಿದುಕೊಂಡು ಏಣಿ ಹತ್ತಿ, ಎರಡರ ನಡುವಿನ ಅಂತರವನ್ನು ಮೂರು ಸಲ ಅಳೆದು, ಮೇಸ್ತ್ರಿಯ ತಲೆ ತಿಂದು, ಕಾಂಕ್ರೀಟಿನೊಳಗೆ ಹೂಳಿಸಿದ. ಅಳತೆ ಒಂದು ಬೆರಳೂ ತಪ್ಪಿರಲಿಲ್ಲ. ಉಯ್ಯಾಲೆ ಎಂಬುದು ಹಿಂದಕ್ಕೂ ಮುಂದಕ್ಕೂ ಓಡಾಡುವ ವಸ್ತು, ಅದರ ಹಿಂದೆ ಮನೆಯ ಬಾಗಿಲಿದೆ ಎಂಬುದೊಂದು ಮಾತ್ರ ಅವನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಕಾಂಕ್ರೀಟ್ ಒಣಗಿದ ಮೇಲೆ ತಿಳಿದು ಏನು ಪ್ರಯೋಜನ?

ಕೊಂಡಿ ಹಾಕುವಾಗ ಮೇಸ್ತ್ರಿ, "ತೊಟ್ಟಿಲಿಗೇನ್ರಿ ಸಾರ್?" ಎಂದು ಕೇಳಿದನಂತೆ. ಅಪ್ಪ ಟೇಪಿನ ಮೇಲೆ ಕಣ್ಣಿಟ್ಟುಕೊಂಡು, "ಹ್ಞೂಂ ಹ್ಞೂಂ, ಗಟ್ಟಿ ಹಾಕ್ರಿ" ಎಂದನಂತೆ. ಮೇಸ್ತ್ರಿಯಿಂದ ಬಾಂಡಲಿ ಹೊರುವ ಹೆಂಗಸರಿಗೆ, ಅವರಿಂದ ಅಕ್ಕಪಕ್ಕದವರಿಗೆ ಸುದ್ದಿ ಹೋಗಿ, ಸಂಜೆಯ ಹೊತ್ತಿಗೆ ಅವ್ವನಿಗೆ ಯಾರೋ ಹುಣಸೆಕಾಯಿ ತಂದುಕೊಟ್ಟರು. ಊರ ಗೋಡೆಗಳ ಮೇಲೆಲ್ಲ ಕೆಂಪು ತ್ರಿಕೋನ, ನಾವಿಬ್ಬರು ನಮಗಿಬ್ಬರು ಎಂದು ಬರೆಸಿದ್ದ ಕಾಲ ಅದು. ಅವ್ವ ಹುಣಸೆಕಾಯಿಯನ್ನು ಅಪ್ಪನ ಮುಂದೆ ಕುಕ್ಕಿ, "ತಗಳ್ರಿ, ನೀವೇ ತಿನ್ರಿ. ಬಯಕೆ ನಿಮಗೇ ತಾನೇ" ಎಂದಳು. ಅದಾದ ಮೇಲೆ ಒಂದು ವರ್ಷ ಆ ಕೊಂಡಿಗಳಲ್ಲಿ ಅವ್ವ ಬೀಜದ ಜೋಳದ ತೆನೆ ತೂಗುಹಾಕಿದ್ದಳು.

ಉಯ್ಯಾಲೆಯ ಕಥೆ ನಿಜವಾಗಿ ಶುರುವಾಗುವುದು ನನ್ನ ಅಜ್ಜನಿಂದ. ಅಪ್ಪನ ಅಪ್ಪ. ಜಗಳೂರಿನ ಕಡೆಯ ಒಂದು ಹಳ್ಳಿಯಲ್ಲಿ, ಊರಿಂದ ಆಚೆ ಇರುವ ನಮ್ಮ ಕೇರಿಯಲ್ಲಿ ಒಬ್ಬನೇ ಇದ್ದ. ಕರೆದರೆ, "ಅಲ್ಲಿ ಬಂದು ನಾನೇನು ಮಾಡ್ಲಿ, ಫೈಲು ಹೊರ್ಲಾ?" ಎನ್ನುತ್ತಿದ್ದ. ಅವನ ಕೆಲಸ ಹಗ್ಗ ಹೊಸೆಯುವುದು. ಬಾವಿಗೆ, ಗಾಡಿಗೆ, ದನಕ್ಕೆ ಎಂದು ಸುತ್ತ ಏಳೆಂಟು ಹಳ್ಳಿಗೆ ಅವನದೇ ಹಗ್ಗ. ವರ್ಷಕ್ಕೆ ಎರಡೋ ಮೂರೋ ಸಲ ಒಂದು ಚೀಲ ರಾಗಿ ಬಸ್ಸಿನ ಮೇಲೆ ಹಾಕಿಸಿಕೊಂಡು ನಮ್ಮಲ್ಲಿಗೆ ಬರುತ್ತಿದ್ದ. ಮನೆಯೊಳಗೆ ಆರಾಮಾಗಿ ಇರುತ್ತಿದ್ದ. ನಮ್ಮ ತಟ್ಟೆಯಿಂದಲೇ ರೊಟ್ಟಿ ಕಿತ್ತುಕೊಂಡು ತಿನ್ನುತ್ತಿದ್ದ, ಮಧ್ಯಾಹ್ನ ನಡುಮನೆಯಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಆದರೆ ಹೊರಗೆ ಜಗಲಿಗೆ ಬಂದರೆ ಮಾತ್ರ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದ. ಜಗಲಿಯ ಮೇಲೆ ಒಂದು ಗಳಿಗೆಯೂ ಕೂರುತ್ತಿರಲಿಲ್ಲ. ನಮ್ಮ ಜಗಲಿಗೆ ಮೂರು ಮೆಟ್ಟಿಲು. ಅವನು ಕೂರುತ್ತಿದ್ದುದು ಎಲ್ಲಕ್ಕಿಂತ ಕೆಳಗಿನದರ ಮೇಲೆ. ಬೀದಿಯಲ್ಲಿ ಬಿಳಿ ಪಂಚೆಯವರು ಯಾರಾದರೂ ಹೋದರೆ ಅಲ್ಲಿಂದಲೂ ಎದ್ದು ನಿಲ್ಲುತ್ತಿದ್ದ.

ಅಪ್ಪನಿಗೆ ಇದು ಕಣ್ಣಿಗೆ ಬಿದ್ದ ಕಸದಂತೆ ಒತ್ತುತ್ತಿತ್ತು. "ಮ್ಯಾಲೆ ಬಾರಪ್ಪ, ನಿನ್ನ ಮಗ ಕಟ್ಟಿಸಿದ ಮನೆ ಇದು" ಎಂದರೆ ಅಜ್ಜ, "ಇಲ್ಲೇ ತಂಪೈತೆ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಆ ಮೆಟ್ಟಿಲು ರೊಟ್ಟಿಯ ಹಂಚಿನ ಹಾಗೆ ಕಾಯುತ್ತಿತ್ತು, ಆಗಲೂ ತಂಪೇ. ಒಂದು ಸಲ ಅಪ್ಪ ಹೊಸ ಬೆತ್ತದ ಕುರ್ಚಿ ತಂದು ಜಗಲಿಯಲ್ಲಿ ಹಾಕಿದ. ಅಜ್ಜ ಅದರ ಸುತ್ತ ತಿರುಗಿ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ತಾನು ಹೋಗಿ ಮೆಟ್ಟಿಲ ಮೇಲೆ ಕೂತ. ನಾವು ಮಕ್ಕಳು ಬಿದ್ದು ಬಿದ್ದು ನಕ್ಕೆವು. ಅಪ್ಪ ನಗಲಿಲ್ಲ. ಅಜ್ಜ ಬಸ್ಸು ಹತ್ತಿದ ಮೇಲೆ ಕುರ್ಚಿಯನ್ನು ಒಳಗೆ ಹಾಕಿ, ಏಣಿ ತಂದು, ಕೊಂಡಿಗಳಿಂದ ಜೋಳದ ತೆನೆ ಬಿಚ್ಚಿದ.

"ಉಯ್ಯಾಲೆ ಮಾಡ್ತೀನಿ," ಎಂದ. "ಕುರ್ಚಿಗೆ ಒಲ್ಲೆ ಅನ್ಬಹುದು. ಉಯ್ಯಾಲೆಗೆ ಯಾರೂ ಒಲ್ಲೆ ಅನ್ನಲ್ಲ."

ಬಡಗಿಗೆ ಹೇಳಿ ಮಾಡಿಸೋಣ ಎಂದು ಅವ್ವ ಹೇಳಿದಳು. ಅಪ್ಪ ಕೇಳಲಿಲ್ಲ, ಕೈಯಾರೆ ಮಾಡಬೇಕೆಂಬ ಹಟ. ಹೊನ್ನಾಳಿಯಲ್ಲಿ ಅವನಿಗೆ ಪರಿಚಯದ ಒಂದು ಮರ ಕೊಯ್ಯುವ ಮಿಲ್ ಇತ್ತು. ಅಲ್ಲಿಂದ ಮತ್ತಿ ಮರದ, ಐದಡಿ ಉದ್ದದ ಹಲಗೆ ತಂದ. ಬಸ್ಸಿನ ಮೇಲೆ ಹಾಕಿದರೆ ಬಿಸಿಲಿಗೆ ಸೊಟ್ಟಗಾಗುತ್ತದೆಂದು ಕಂಡಕ್ಟರ್ ಜೊತೆ ಜಗಳ ಮಾಡಿ ಒಳಗೇ ಹಾಕಿಸಿದನಂತೆ. ಎರಡು ಸಾಲು ಸೀಟುಗಳ ನಡುವೆ ಹಲಗೆ ಸೇತುವೆಯಂತೆ ಕೂತದ್ದೇ ತಡ, ನಿಂತಿದ್ದ ಮೂವರು ಹೆಂಗಸರು, ಒಬ್ಬ ಮುದುಕ, ಒಂದು ಕೋಳಿಬುಟ್ಟಿ ಎಲ್ಲ ಅದರ ಮೇಲೆ ಕೂತರು. ಅಪ್ಪನಿಗೆ ಮಾತ್ರ ಜಾಗವಾಗದೆ ಚನ್ನಗಿರಿಯವರೆಗೂ ನಿಂತುಕೊಂಡೇ ಬಂದ. ಇದನ್ನು ಅವನು ಬೇಜಾರಿನಿಂದ ಹೇಳಲಿಲ್ಲ. ನಾಲ್ಕು ಜನ ಕೂತರೂ ಹಲಗೆ ಒಂದು ಕೂದಲೆಳೆ ಬಗ್ಗಲಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಅಲ್ಲಿಂದ ಎರಡು ತಿಂಗಳು ನಮ್ಮ ಭಾನುವಾರಗಳೆಲ್ಲ ಹಲಗೆಗೇ ಹೋದವು. ಪಕ್ಕದ ಬೀದಿಯ ಬಡಗಿಯಿಂದ ಉಜ್ಜುಗೊರಡು ಕೇಳಿ ತಂದು ಅಪ್ಪ ಬನಿಯನ್ನಿನಲ್ಲಿ ನಿಂತು ಉಜ್ಜುತ್ತಿದ್ದ. ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆಯನ್ನು ತಂಗಿ ಕಿವಿಗೆ ಸಿಕ್ಕಿಸಿಕೊಂಡು ಜುಮಕಿ ಎಂದು ಮೆರೆಯುತ್ತಿದ್ದಳು. ತೂತು ಕೊರೆಯಲು ಬೈರಿಗೆ ಬಂತು. ಅಪ್ಪ ಅದನ್ನು ಒತ್ತಿ ಹಿಡಿಯುವುದು, ನಾನು ಹಗ್ಗ ಎಳೆಯುವುದು. ನಾಲ್ಕರಲ್ಲಿ ಮೂರು ತೂತು ಅಳತೆ ಪ್ರಕಾರ ಬಿದ್ದವು. ನಾಲ್ಕನೆಯದು ಅರ್ಧ ಬೆರಳು ಒಳಗೆ ಹೋಯಿತು. ಅದು ನನ್ನ ತಪ್ಪೆಂದು ಅಪ್ಪನೂ ಅವನ ತಪ್ಪೆಂದು ನಾನೂ ವಾದ ಮಾಡಿದೆವು, ಆ ವಾದ ನನ್ನ ಮದುವೆಯವರೆಗೂ ಮುಗಿಯಲಿಲ್ಲ. ಕೊನೆಗೆ ಸ್ಯಾಂಡ್‌ಪೇಪರ್ ಹಾಕಿ, ಅಗಸೆ ಎಣ್ಣೆ ಕುಡಿಸಿ, ಬಿಸಿಲಿಗೆ ಇಟ್ಟಾಗ ಹಲಗೆಗೆ ಕಾಫಿಬೀಜದ ಬಣ್ಣ ಬಂತು. ಅವ್ವ ಸೆರಗಿನಿಂದ ಒಂದು ಸಲ ಒರೆಸಿ ನೋಡಿ, "ಪರ್ವಾಗಿಲ್ಲ" ಎಂದಳು. ಅವ್ವನ ಬಾಯಲ್ಲಿ ಅಷ್ಟು ಬಂದರೆ ಸನ್ಮಾನ ಮಾಡಿದ ಹಾಗೆ.

ಸಂತೆಯಿಂದ ಸರಪಳಿ ತಂದು ಉಯ್ಯಾಲೆ ತೂಗಿಬಿಟ್ಟಾಯಿತು. ಆಗ ಗೊತ್ತಾದದ್ದು ಎರಡು ಸಂಗತಿ. ಒಂದು, ಬಾಗಿಲಿನ ವಿಷಯ. ಎರಡು, ಸರಪಳಿ ಅಳುತ್ತಿತ್ತು. ಕಿರ್‍ರ್ ಎಂದು ಹೋಗುವಾಗೊಂದು, ಕೀಂಯ್ ಎಂದು ಬರುವಾಗೊಂದು. ಅಪ್ಪ ಕೊಬ್ಬರಿ ಎಣ್ಣೆ ಬಿಟ್ಟ, ಕಡಲೆಕಾಯಿ ಎಣ್ಣೆ ಬಿಟ್ಟ, ಸೈಕಲ್ ಅಂಗಡಿಯಿಂದ ಕರಿ ಗ್ರೀಸ್ ತಂದು ಬಳಿದ. ಅಳು ನಿಲ್ಲಲಿಲ್ಲ, ನಮ್ಮ ಲಂಗಗಳು ಮಾತ್ರ ಕರಿಯಾದವು. ನಾವೇನೂ ಬಿಡಲಿಲ್ಲ, ಸ್ಕೂಲಿನಿಂದ ಬಂದರೆ ಕತ್ತಲಾಗುವ ತನಕ ತೂಗುವುದೇ.

ಬೇಸಿಗೆಯ ಕೊನೆಗೆ ಅಜ್ಜ ಬಂದ. ಅಪ್ಪ ಬಸ್‌ಸ್ಟ್ಯಾಂಡಿನಿಂದಲೇ ಉಯ್ಯಾಲೆಯ ಸುದ್ದಿ ಹೇಳುತ್ತಾ ಕರೆದುಕೊಂಡು ಬಂದಿದ್ದ. ಅಜ್ಜ ಕೆಳಗಿನ ಮೆಟ್ಟಿಲ ಬಳಿ ನಿಂತು ಹಲಗೆಯನ್ನು ಮುಟ್ಟಿದ, ಅಂಚನ್ನು ಸವರಿದ, "ಭಾಳ ಚೆಂದ ಉಜ್ಜಿದಿ" ಎಂದ. ಅಪ್ಪನ ಮುಖ ಅರಳಿತು.

"ಕುಂತ್ಕ ಮತ್ತೆ," ಎಂದ ಅಪ್ಪ.

ಅಜ್ಜ ಕೈಯಿಂದ ಹಲಗೆಯನ್ನು ಸ್ವಲ್ಪ ತಳ್ಳಿದ. ಸರಪಳಿ ಅತ್ತಿತು. "ಅಳೋ ಉಯ್ಯಾಲೆ ನಾನು ಒಲ್ಲೆನಪ್ಪ. ಕಬ್ಬಿಣದಾಗೆ ಯಾರಾನ ಉಯ್ಯಾಲೆ ಕಟ್ತಾರಾ?" ಎಂದು ಹೇಳಿ, ಟವೆಲ್ ಕೊಡವಿ ಮೆಟ್ಟಿಲ ಮೇಲೆ ಕೂತ.

ಅಪ್ಪ ಸಿಟ್ಟು ನುಂಗಿಕೊಂಡು ಕೇಳಿದ, "ಹಂಗಾದ್ರೆ ಹಗ್ಗ ನೀನೇ ಮಾಡಿಕೊಡು."

"ಮಗನ ಮನಿಗೆ ಹಗ್ಗ ಮಾಡಾಕೆ ಕೇಳ್ಬೇಕೇನು?" ಎಂದ ಅಜ್ಜ. ಮರುದಿನವೇ ಊರಿಗೆ ಹೊರಟುಬಿಟ್ಟ.

ಶ್ರಾವಣ ಹುಟ್ಟಿದ ಮೇಲೆ ಮತ್ತೆ ಬಂದ. ಈ ಸಲ ರಾಗಿ ಚೀಲದ ಜೊತೆಗೆ ಇನ್ನೊಂದು ದೊಡ್ಡ ಗಂಟು. ಅದರಲ್ಲಿ ಕತ್ತಾಳೆ ನಾರು. ಹೊಲದ ಬದುವಿನ ಕತ್ತಾಳೆ ಎಲೆ ಕೊಯ್ದು, ಹದಿನೈದು ದಿನ ನೀರಿನಲ್ಲಿ ಕೊಳೆಹಾಕಿ, ಬಡಿದು, ತೊಳೆದು, ಒಣಗಿಸಿ ತಂದಿದ್ದ. ಬಿಳಿ ಕೂದಲಿನಂಥ ನಾರು, ವಾಸನೆ ಮಾತ್ರ ದೇವರಿಗೇ ಪ್ರೀತಿ. ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲವಂತೆ, ಅದಕ್ಕೆ ಕಾಲು ಚಾಚಿಕೊಂಡು ಬಂದೆ ಎಂದು ಖುಷಿಪಟ್ಟ.

ಮನೆ ಮುಂದಿನ ಬೇವಿನ ಮರಕ್ಕೆ ಒಂದು ತುದಿ ಕಟ್ಟಿ ಮೂರು ದಿನ ಹಗ್ಗ ಹೊಸೆದ. ಇನ್ನೊಂದು ತುದಿಗೆ ಕೋಲು ಸಿಕ್ಕಿಸಿ ತಿರುವುತ್ತಾ ನಿಲ್ಲುವುದು ನನ್ನ ಕೆಲಸ. ನಾನು ಬೇಗ ತಿರುವಿದರೆ "ಸಿಟ್ಟು ಬಂತೇನವ್ವಾ?" ಎನ್ನುತ್ತಿದ್ದ, ನಿಧಾನ ಮಾಡಿದರೆ "ಉಂಡಿಲ್ಲೇನವ್ವಾ?" ಎನ್ನುತ್ತಿದ್ದ. ಮೂರು ಎಳೆ ಸೇರಿ ಒಂದಾಗುವಲ್ಲಿ ಅವನ ಹೆಬ್ಬೆರಳು ಓಡುತ್ತಲೇ ಇರುತ್ತಿತ್ತು. ಆದ ಹಗ್ಗವನ್ನು ಮೊಳಮೊಳವಾಗಿ ತನ್ನ ಕೆನ್ನೆಗೆ ಸವರಿ ನೋಡುತ್ತಿದ್ದ. ಎಲ್ಲಾದರೂ ನಾರು ಚುಚ್ಚಿದರೆ ಅಲ್ಲಿ ಬಟ್ಟೆಯಿಂದ ತಿಕ್ಕುತ್ತಿದ್ದ. "ಹುಡ್ಗೇರ ಕೈ ಹಿಡಿಯೋ ಹಗ್ಗ," ಎನ್ನುತ್ತಿದ್ದ. ಅವನ ಕೆನ್ನೆ ಕೆಂಪಾಗಿರುತ್ತಿತ್ತು. ನಾನು ಅಷ್ಟು ಹತ್ತಿರದಿಂದ ಅವನನ್ನು ನೋಡಿದ್ದು ಆ ಮೂರು ದಿನವೇ. ಅಜ್ಜ ಎಂದರೆ ನನಗೆ ಇವತ್ತಿಗೂ ಆ ಹೆಬ್ಬೆರಳೇ ಕಣ್ಣಮುಂದೆ ಬರುತ್ತದೆ.

ಮೂರನೆಯ ಸಂಜೆ ಸರಪಳಿ ಇಳಿಸಿ ಹಗ್ಗ ಕಟ್ಟಿದರು. ಕೊಂಡಿಗೆ ಉಜ್ಜಿ ಸವೆಯಬಾರದೆಂದು ಅಜ್ಜ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದ. ಈ ಕೆಲಸಕ್ಕೆ ಮಾತ್ರ ಅವನು ಜಗಲಿ ಹತ್ತಿದ, ಏಣಿಯನ್ನೂ ಹತ್ತಿದ. ಕೆಲಸ ಮುಗಿದ ಕೂಡಲೇ ಇಳಿದು ಮೆಟ್ಟಿಲ ಮೇಲೆ ಕೂತ. ನಾನೂ ತಂಗಿಯೂ ಹತ್ತಲು ಓಡಿದರೆ ಗದರಿಸಿದ. "ಯಾರೂ ಮುಟ್ಟಂಗಿಲ್ಲ. ಹೊಸ ಹಗ್ಗಕ್ಕೆ ಮೊದಲು ಭಾರ ಕೊಡ್ಬೇಕು. ಅದು ಜಗ್ಗತೈತೆ, ಎಲ್ಲಿ ಸೋತೈತೆ ಅಂಬೋದು ಆಗ ತೋರಸ್ತೈತೆ. ನಾಳೆ ಆ ರಾಗಿ ಚೀಲ ಎತ್ತಿ ಇಡ್ರಿ. ಎರಡು ದಿವಸ ಇರ್ಲಿ. ಆಮ್ಯಾಲೆ ನೀವು ಕುಂದ್ರಿ."

ಅಪ್ಪ ಅಡುಗೆಮನೆಗೆ ಬಂದು ಗೋಡೆಗೆ ಒರಗಿದ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ತಟ್ಟೆ ಇಟ್ಟುಕೊಂಡು ಕೂತಿದ್ದೆ. ಅಪ್ಪ ನಮ್ಮಿಬ್ಬರಲ್ಲಿ ಯಾರಿಗೆ ಹೇಳಿದನೋ ಗೊತ್ತಿಲ್ಲ, ಹೇಳಿದ. ಊರಿನಲ್ಲಿ ಪ್ರತಿ ಪಂಚಮಿ ಹಬ್ಬಕ್ಕೆ ಗೌಡರ ಮನೆಯ ಜಗಲಿಗೆ ಉಯ್ಯಾಲೆ ಕಟ್ಟುತ್ತಿದ್ದರು. ಹಗ್ಗ ಅಜ್ಜನದು. ಅಜ್ಜ ಜಗಲಿ ಹತ್ತುವಂತಿರಲಿಲ್ಲ. ಕೆಳಗೆ ನಿಂತು ಹಗ್ಗ ಎಸೆದರೆ ಆಳುಮಗ ಮೇಲೆ ಕಟ್ಟುತ್ತಿದ್ದ. ಭಾರಕ್ಕೆಂದು ಒಂದು ಚೀಲ ಜೋಳ ಇಡುತ್ತಿದ್ದರು. ಎರಡು ದಿನ ಅಜ್ಜ ಅಂಗಳದಲ್ಲಿ ಬಿಸಿಲಿಗೆ ನಿಂತು ಹಗ್ಗ ಕಾಯುತ್ತಿದ್ದ. "'ಅಪ್ಪಾ, ಚೀಲ ಕುಂತೈತೆ, ನೀನ್ಯಾಕೆ ಕುಂದ್ರಬಾರ್ದು' ಅಂತ ಕೇಳಿದ್ದೆ. ಆರು ವರ್ಷ ನಂಗೆ. ಕಪಾಳಕ್ಕೆ ಕೊಟ್ಟ. ಯಾರಾನ ಕೇಳಿಸ್ಕೊಂಡಾರು ಅಂತ ಭಯ ಅವನಿಗೆ." ಅಪ್ಪ ಜಗಲಿಯ ಕಡೆ ಕೈ ತೋರಿಸಿದ. "ಇವತ್ತೂ ಚೀಲಾನೇ ಕುಂದ್ರ್ತೈತೆ. ನನ್ನ ಮನ್ಯಾಗೇ."

ಅಪ್ಪನ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು. ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ತಟ್ಟಿದಳು.

ಬೆಳಿಗ್ಗೆ ಅಜ್ಜ ಕೆರೆಯ ಕಡೆ ಹೋಗಿದ್ದ, ಅಪ್ಪ ಸ್ನಾನಕ್ಕೆ ಇಳಿದಿದ್ದ. ಅವ್ವ ನಮ್ಮಿಬ್ಬರನ್ನೂ ಹಿತ್ತಿಲಿಗೆ ಕರೆದಳು. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಗಿ ಚೀಲ. ಅದನ್ನು ಒಬ್ಬಳೇ ಹೇಗೆ ಎತ್ತಿದಳೋ! "ಹಿಡ್ಕಳ್ರೇ," ಎಂದಳು. ನಾನು ಹ್ಯಾಂಡಲ್, ಅವ್ವ ಚೀಲ, ತಂಗಿ ಸುಮ್ಮನೆ ಹಿಂದೆ. ಗಿರಣಿಗೆ ಹೋದೆವು. ಗಿರಣಿಯವನು ಚೀಲ ನೋಡಿ, "ಎಷ್ಟು ಸೇರು ಹಾಕ್ಲಿ ಅಕ್ಕ?" ಎಂದ.

"ಎಲ್ಲ."

"ಎಲ್ಲಾನೂ? ಮದುವಿ ಐತೇನ್ರಿ ಮನ್ಯಾಗೆ?"

"ಹ್ಞೂಂ," ಎಂದಳು ನಮ್ಮವ್ವ. ತೊಟ್ಟಿಲಿನ ಸುದ್ದಿಗೆ ಉರಿದುಬಿದ್ದವಳು ಮದುವೆಯ ಸುದ್ದಿಯನ್ನು ತಾನೇ ಹಬ್ಬಿಸಿ ಬಂದಳು.

ನಾವು ಬಂದಾಗ ಅಜ್ಜ ಉಯ್ಯಾಲೆಯ ಕೆಳಗೆ ಬಗ್ಗಿ ಗಂಟು ನೋಡುತ್ತಿದ್ದ. "ಚೀಲ ತರ್ರಿ," ಎಂದ. ಅಪ್ಪ ಮುಖ ಗಂಟುಹಾಕಿಕೊಂಡು ಒಳಗೆ ಹೋದವನು ಬರಿಗೈಯಲ್ಲಿ ಬಂದ.

"ಚೀಲ ಎಲ್ಲೈತೆ?" ಎಂದು ಅವ್ವನನ್ನು ಕೇಳಿದ.

"ಗಿರಣಿಗೆ ಕೊಟ್ಟು ಬಂದೆ," ಎಂದಳು ಅವ್ವ.

"ಎಷ್ಟು?"

"ಎಲ್ಲ."

ನಮ್ಮಪ್ಪ ಬುದ್ಧಿವಂತ, ಆದರೆ ಬುದ್ಧಿ ಸ್ವಲ್ಪ ತಡವಾಗಿ ಬರುತ್ತದೆ. "ಎಲ್ಲ ಅಂದ್ರೆ? ಒಂದು ಚೀಲ ರಾಗಿ ಒಟ್ಟಿಗೆ ಬೀಸಿಸ್ತಾರೇನೇ? ಹುಳ ಬೀಳಲ್ವಾ? ನಿಂಗೇನು ತಲೆ ಗಿಲೆ..." ಎಂದು ಶುರುಮಾಡಿದ. ಅವ್ವ ಅವನನ್ನೇ ನೋಡಿದಳು. ಬರೀ ನೋಡಿದಳು. ಅಪ್ಪ ಅರ್ಧದಲ್ಲೇ ಮಾತು ನಿಲ್ಲಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಇಟ್ಟ.

"ಕಲ್ಲು ಇಡೋಣ್ರಿ ಹಂಗಾದ್ರೆ," ಎಂದ ಅಜ್ಜ.

"ಎರಡು ತಿಂಗಳು ಉಜ್ಜಿದ ಹಲಗಿ ಮಾವ, ಗೀರು ಬೀಳ್ತೈತೆ," ಎಂದಳು ಅವ್ವ.

ಅದು ಕುಶಲಕರ್ಮಿಗೆ ನಾಟುವ ಮಾತು. ಅಜ್ಜ ಹಲಗೆ ಸವರಿ, ಹೌದೆಂದು ತಲೆಯಾಡಿಸಿದ. ಮಕ್ಕಳನ್ನು ಕೂರಿಸುವ ಮಾತೇ ಇಲ್ಲ, ಪರೀಕ್ಷೆಯಾಗದ ಹಗ್ಗಕ್ಕೆ ಮಕ್ಕಳನ್ನು ಹತ್ತಿಸುವವನಲ್ಲ ಅವನು. ಅಪ್ಪನ ಕಡೆ ನೋಡಿದ. ಅಪ್ಪ ಈ ಸಲ ತಡಮಾಡಲಿಲ್ಲ, "ನಂಗೆ ಕಚೇರಿಗೆ ಹೊತ್ತಾಯ್ತು" ಎಂದ. ಗಂಟೆ ಇನ್ನೂ ಎಂಟೂವರೆ. ಅವ್ವ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋಗಿಯೇಬಿಟ್ಟಳು. ಹಾಲಿನವನು ಆ ದಿನ ಬಂದೇ ಇರಲಿಲ್ಲ.

ಅಜ್ಜ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಹಗ್ಗ ಹಿಡಿದು ಜಗ್ಗಿದ. ಆಮೇಲೆ ನನ್ನನ್ನು ನೋಡಿ ಹೇಳಿದ, "ಕುಂದ್ರಾಕಲ್ಲ ಮತ್ತೆ. ಭಾರ ಕೊಡಾಕೆ." ಹಾಗೆಂದು ಹಲಗೆಯ ಅಂಚಿಗೆ, ಈಗಲೋ ಆಗಲೋ ಏಳುವವನಂತೆ ಕೂತ. ಕಾಲು ಎರಡೂ ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು.

"ಅಜ್ಜ, ಕಾಲು ಊರಿದ್ರೆ ಭಾರ ಹೆಂಗೆ ಬೀಳ್ತೈತೆ?" ಎಂದೆ ನಾನು. ನನ್ನ ಬಾಯಿ ಆಗಲೂ ಸುಮ್ಮನಿರುತ್ತಿರಲಿಲ್ಲ.

ಅವನು ನನ್ನನ್ನು ದುರುಗುಟ್ಟಿ ನೋಡಿದ. ಆದರೆ ಹಗ್ಗದ ವಿಷಯದಲ್ಲಿ ಸುಳ್ಳು ಅವನಿಗೆ ಆಗದು. ಹಿಂದಕ್ಕೆ ಸರಿದು ಎರಡೂ ಕಾಲು ಎತ್ತಿ ಚಕ್ಕಳಮಕ್ಕಳ ಹಾಕಿ ಕೂತ. ಹಗ್ಗ ಬಿಗಿಯಿತು, ಸಣ್ಣಗೆ ಮುಲುಕಿತು, ಸುಮ್ಮನಾಯಿತು.

ಹತ್ತು ನಿಮಿಷವೂ ಆಗಿರಲಿಲ್ಲ, ಎದುರು ಮನೆಯ ಅಡಿಕೆ ವ್ಯಾಪಾರಿಗಳು ಹೊರಗೆ ಬಂದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಅಜ್ಜನ ಮೈ ತಾನಾಗಿಯೇ ಎದ್ದಿತು. ಒಂದು ಕಾಲು ನೆಲಕ್ಕೆ ಬಂತು, ಕೈ ಟವೆಲ್ಲಿಗೆ ಹೋಯಿತು. ಒಳಗಿನಿಂದ ಅಪ್ಪ, ಅವ್ವ ಇಬ್ಬರೂ ಕಿಟಕಿಗೆ ಬಂದು ನಿಂತಿದ್ದರು. ಈಗ ಎದ್ದರೆ ಅಜ್ಜ ಇನ್ನು ಜನ್ಮದಲ್ಲಿ ಕೂರುವುದಿಲ್ಲ ಎಂದು ನನಗೆ ಹೇಗೋ ಗೊತ್ತಾಗಿಬಿಟ್ಟಿತ್ತು.

"ಅಜ್ಜ, ಭಾರ!" ಎಂದು ಕೂಗಿದೆ. "ಬಿಟ್ರೆ ಮತ್ತೆ ಮೊದ್ಲಿಂದ ಎರಡು ದಿವ್ಸ!"

ಅಜ್ಜ ಅರ್ಧ ಎದ್ದವನು ಹಾಗೇ ನಿಂತ. ಹಗ್ಗವನ್ನು ನೋಡಿದ. ಮತ್ತೆ ಕೂತ.

"ಏನ್ ಯಜಮಾನ್ರೆ, ಉಯ್ಯಾಲೆ ಜೋರೈತಲ್ರೀ," ಎಂದರು ವ್ಯಾಪಾರಿಗಳು.

"ಕುಂತಿಲ್ರೀ ಸ್ವಾಮಿ, ಹಗ್ಗ ನೋಡಾಕೆ ಹತ್ತೀನಿ," ಎಂದ ಅಜ್ಜ, ಚಕ್ಕಳಮಕ್ಕಳ ಹಾಕಿ ಕೂತುಕೊಂಡೇ.

ಅವರು ಹತ್ತಿರ ಬಂದು ಹಗ್ಗ ಮುಟ್ಟಿ ನೋಡಿ, ಯಾವ ನಾರು, ಎಷ್ಟು ಎಳೆ ಎಂದು ವಿಚಾರಿಸಿ, ತಮ್ಮ ಬಾವಿಗೂ ಒಂದು ಬೇಕೆಂದು ಹೇಳಿ ಹೋದರು. ಆ ದಿನ ಬೀದಿಯಲ್ಲಿ ಹೋದ ಪ್ರತಿಯೊಬ್ಬರಿಗೂ ಅಜ್ಜ ಇದೇ ವರದಿ ಒಪ್ಪಿಸಿದ: ಕುಂತಿಲ್ಲ, ಹಗ್ಗ ನೋಡ್ತಿದ್ದೀನಿ. ಸೊಪ್ಪಿನವಳಿಗೆ ಹೇಳಿದ, ಪೋಸ್ಟ್‌ಮ್ಯಾನ್‌ಗೆ ಹೇಳಿದ, ಎಮ್ಮೆ ಹೊಡೆದುಕೊಂಡು ಹೋಗುವವನನ್ನು ಕರೆದು ಹೇಳಿದ. ಸಂಜೆಯ ಹೊತ್ತಿಗೆ ಹೇಳಿ ಹೇಳಿ ಸಾಕಾಗಿ ಬರೀ ಕೈ ಎತ್ತಲು ಶುರುಮಾಡಿದ. ಮರುದಿನ ಚಹಾವನ್ನು ಅಲ್ಲಿಗೇ ತರಿಸಿಕೊಂಡ.

ಹಗ್ಗಕ್ಕೆ ಯಾರ ಮೈಯೂ ತಾಗಬಾರದೆಂದು ಅಪ್ಪಣೆಯಾಗಿತ್ತಲ್ಲ, ಅದಕ್ಕೆ ಆ ಎರಡು ದಿನ ಮುಂಬಾಗಿಲು ಬಂದ್. ನಾವು ಸ್ಕೂಲಿಗೆ ಹೋದದ್ದು ಹಿತ್ತಿಲ ಬಾಗಿಲಿನಿಂದ. ಸರ್ಕಾರಿ ಗುಮಾಸ್ತ ನಮ್ಮಪ್ಪನೂ ಸೈಕಲ್ ಎತ್ತಿಕೊಂಡು ಬಚ್ಚಲ ಪಕ್ಕದಿಂದ, ಸೀಗೆಗಿಡದ ಮುಳ್ಳಿಗೆ ಅಂಗಿ ಸಿಕ್ಕಿಸಿಕೊಂಡು ಕಚೇರಿಗೆ ಹೋದ. ಅವನು ಅಷ್ಟು ಖುಷಿಯಾಗಿ ಕಚೇರಿಗೆ ಹೋದದ್ದನ್ನು ನಾನು ಮತ್ತೆ ನೋಡಲಿಲ್ಲ. ಎರಡು ದಿನದಲ್ಲಿ ಹಗ್ಗ ಒಂದು ಗೇಣು ಜಗ್ಗಿತ್ತು. ಬಿಚ್ಚಿ ಮೇಲಕ್ಕೆ ಕಟ್ಟಿದ ಮೇಲೆ ಅಜ್ಜ ನಮ್ಮನ್ನು ಹತ್ತಿಸಬೇಕಿತ್ತು. ಹತ್ತಿಸಲಿಲ್ಲ. "ಮತ್ತೆ ಬಿಗಿದೀವಲ್ಲ, ಇನ್ನೊಂದು ದಿವಸ ನೋಡ್ಬೇಕು," ಎಂದು ಹೇಳಿ ತಾನೇ ಹತ್ತಿದ.

ಹಿಟ್ಟಿನ ಕಥೆ ಅಪ್ಪ ಹೇಳಿದಂತೆಯೇ ಆಯಿತು. ಒಂದು ತಿಂಗಳಿಗೆ ಕಹಿ, ಎರಡು ತಿಂಗಳಿಗೆ ಹುಳ. ಅವ್ವ ದಿನಾ ಜರಡಿ ಹಿಡಿದಳು, ಬೀದಿಗೆಲ್ಲ ಹಂಚಿದಳು, ಮುದ್ದೆ, ರೊಟ್ಟಿ, ಅಂಬಲಿ ಎಂದು ನಮ್ಮ ಬಾಯಿಗೆ ತುರುಕಿದಳು. ಅಪ್ಪ ಪ್ರತಿದಿನ ಆ ಕಹಿ ಮುದ್ದೆಯನ್ನು ನುಂಗಿ, ಇನ್ನೊಂದು ಹಾಕು ಎನ್ನುತ್ತಿದ್ದ.

ಆಮೇಲೆ ಅಜ್ಜ ಬಂದಾಗಲೆಲ್ಲ ಚೀಲ ಇಳಿಸಿ, ಕೈಕಾಲು ತೊಳೆದು, "ಹಗ್ಗ ಹೆಂಗೈತೆ ನೋಡಾನ" ಎಂದು ನೇರ ಉಯ್ಯಾಲೆ ಹತ್ತುತ್ತಿದ್ದ. ಪರೀಕ್ಷೆ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು. ವರ್ಷ ಕಳೆದಂತೆ ಆ ಮಾತೂ ಬಿಟ್ಟುಹೋಯಿತು, ಸುಮ್ಮನೆ ಕೂರುತ್ತಿದ್ದ. ಎದುರು ಮನೆಯವರೂ ಕೆಲವು ಸಲ ಬಂದು ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದರು.

ಎಂಬತ್ತರ ದಶಕದ ನಡುವೆ, ನಾನು ದಾವಣಗೆರೆಯಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದಾಗ ಪಂಚಮಿಗೆ ಮನೆಗೆ ಬಂದಿದ್ದೆ. ಅಜ್ಜ ಉಯ್ಯಾಲೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ತಪ್ಪೊಪ್ಪಿಕೊಳ್ಳುವ ಚಪಲ ನನಗೆ. "ಅಜ್ಜ, ಆವತ್ತು ರಾಗಿ ಗಿರಣಿಗೆ ಹಾಕಿದ್ದು ಬೇಕಂತಲೇ. ನಿನ್ನ ಕೂರಿಸೋಕೆ," ಎಂದೆ. ಅವನು ಬೆಚ್ಚಿಬೀಳುತ್ತಾನೆಂದುಕೊಂಡಿದ್ದೆ.

"ಗೊತ್ತಿಲ್ಲೇನವ್ವಾ ನಂಗೆ?" ಎಂದ ಅಜ್ಜ. "ಕೆರಿ ಕಡೆಯಿಂದ ಬರ್ತಾ ಇದ್ದೆ. ನಿಮ್ಮ ಹಿತ್ಲ ಬಾಗ್ಲಿಂದ ಗಿರಣಿ ಮಟ ರಾಗಿ ಸೋರೈತೆ, ಗುಬ್ಬಿ ತಿಂತಾ ಕುಂತವೆ. ಚೀಲದ ತೂತು ಹೊಲಿದೋನು ನಾನೇ ಅಲ್ವಾ, ಹೊಲಿಗೆ ಬಿಚ್ಚೈತೆ ಅಂತ ತಿಳೀತು" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹಗ್ಗವನ್ನು ಹೆಬ್ಬೆರಳಿನಿಂದ ಸವರಿದ. "ನಿಮ್ಮಪ್ಪ ಕರೆದಾಗ್ಲೆಲ್ಲ ಮ್ಯಾಲೆ ಬರಾಕೆ ಆಸೆ ಇತ್ತು ಕಣವ್ವಾ. ಕಾಲು ಏಳ್ತಿರ್ಲಿಲ್ಲ. ನಮ್ಮ ಸೊಸಿ ನೋಡು, ನನ್ನ ಕುಂದ್ರಿಸಾಕೆ ಒಂದು ಚೀಲ ರಾಗಿ ಹಾಳು ಮಾಡ್ಕೊಂಡ್ಲು. ಆವತ್ತೂ ಕೂರ್ದಿದ್ರೆ ಅವಳು ಎರಡ್ನೇ ಚೀಲಾನೂ ಬೀಸಿಸಿಬಿಡ್ತಿದ್ಲು."

ಒಳಗೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ಅವಳು ಕೇಳಿಸಿಕೊಂಡಳೆಂದು ನಮ್ಮಿಬ್ಬರಿಗೂ ಗೊತ್ತಾಯಿತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಮೆಟ್ಟಿಲ ಮೇಲೆ ಕೂರಲು ಹೋದೆ.

"ಅಲ್ಯಾಕೆ ಕುಂದ್ರ್ತಿ?" ಎಂದು ಅಜ್ಜ ಹಲಗೆಯ ಒಂದು ಕಡೆಗೆ ಸರಿದು ಜಾಗ ಮಾಡಿದ. "ಮ್ಯಾಲೆ ಬಾ. ಹಗ್ಗ ತಡೀತೈತೆ."